ಬಳೆಯಷ್ಟಗಲದ್ದು

ವರ್ಷವಾಯಿತಂತೆ, ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ
ಒಣಬಿದಿರು ಮೆಟ್ಟಿದ ಹಾಗೆ ಕಟಕ್ ಅನ್ನುವುದು.
ದೇಚಮ್ಮ ಸಿಸ್ಟರ್ ರೇಡಿಯೋದ ದನಿ ಏರಿಸಿದರು.
ಅದೇ ಅವರು ಮಾಡಿಕೊಂಡ ರಿಪೇರಿ.

ಮೊನ್ನೆ ನೈಟ್ ಡ್ಯೂಟಿಗೆ ಮಡಿಕೇರಿ ಹತ್ತುವಾಗ
ಬೋಯಿಕೇರಿಯ ಹತ್ತಿರ, ಮಂಜಿನಲ್ಲಿ,
ತಿರುವು ಮುಗಿಯಿತು, ಗಾಲಿಗೆ ಮುಗಿಯಲಿಲ್ಲ.
ಕೈ ಸಡಿಲಿಸಿದರೂ ಬಲಕ್ಕೇ ನಿಂತಿತ್ತು ಮುಖ ಮಾಡಿ,
ಎದುರಿಗೆ ಬಸ್ಸಿನ ಹಳದಿ ದೀಪ.
ಎಳೆದೆ ಅಂದರು, ಎರಡೂ ಕೈಯಲ್ಲಿ,
ಹೊಟ್ಟೆಯೊಳಗೆ ಅಡ್ಡ ಮಲಗಿದ ಕೂಸನ್ನು
ನೇರ ಮಾಡಿದ ಹಾಗೆ.

ಸುಂಟಿಕೊಪ್ಪದ ಶೆಡ್ಡಿನಲ್ಲಿ ಮೊಯ್ದು ಕಾಕ
ಬಾನೆಟ್ ಎತ್ತಲಿಲ್ಲ. ನನ್ನ ಅಂಗೈ ಹಿಡಿದು
ಮುಂಗಾಲಿಯ ಹಿಂದೆ, ಸ್ಪ್ರಿಂಗಿನ ಮೇಲಿಟ್ಟರು.
ತಾವು ಒಳಗೆ ಕೂತು ಸ್ಟೇರಿಂಗ್ ತಿರುಗಿಸಿದರು.
"ಕಿವಿ ಬೇಡ, ಕೈಯಲ್ಲಿ ಕೇಳು."
ಸ್ಪ್ರಿಂಗು ಒಲ್ಲೆನೆಂದು ಬಿಗಿದುಕೊಂಡಿತು, ಇನ್ನೂ ಬಿಗಿದುಕೊಂಡಿತು,
ಆಮೇಲೆ ಥಟ್ಟನೆ ನೆಗೆಯಿತು
ನನ್ನ ಮೊಣಕೈಯ ತನಕ.
ಪಕ್ಕದಲ್ಲಿ ನಿಂತ ಸಿಸ್ಟರ್ ಗಡಿಯಾರ ನೋಡಿಕೊಂಡರು,
ನಾಡಿ ಹಿಡಿದವರ ಅಭ್ಯಾಸ.

ಸ್ಪ್ರಿಂಗನ್ನು ಕ್ಲಾಂಪಿನಲ್ಲಿ ಅದುಮುವಾಗ
ಯಾರೂ ಮಾತಾಡಬಾರದು, ಕಾಕನ ಕಾನೂನು.
ಕೈ ತಪ್ಪಿದರೆ ತಗಡಿನ ಮಾಡು ತೂತು.
ಮೇಲಿನ ನಟ್ ಬಿಚ್ಚಿದಾಗ ಸಿಕ್ಕಿದ್ದು
ಬಳೆಯಷ್ಟಗಲದ ಒಂದು ಬೇರಿಂಗ್.
ಹೋದ ವರ್ಷದ ಮಳೆ ಅದರೊಳಗೆ ತುಕ್ಕಾಗಿ ಕೂತಿತ್ತು,
ಗ್ರೀಸು ಹುರಿದು ಸೀದ ಕಾಫಿಬೀಜದ ಬಣ್ಣ,
ಗುಂಡುಗಳು ಗುಂಡಗಿರಲಿಲ್ಲ.

"ಇಷ್ಟಕ್ಕೇನಾ?"
"ಇಷ್ಟಕ್ಕೇ. ಇದು ಸುತ್ತದಿದ್ದರೆ ಸ್ಪ್ರಿಂಗು ತಿರುಚಿಕೊಳ್ಳುತ್ತೆ,
ತಿರುಚಿಕೊಂಡದ್ದು ಗಾಲಿಯನ್ನು ಬಿಡೋದಿಲ್ಲ.
ತಿರುವು ಕಳೆದ ಮೇಲೆ ಗಾಲಿ ತಾನಾಗಿ ನೇರಕ್ಕೆ ಬರಬೇಕು ಸಿಸ್ಟರ್,
ಎಳೆದು ತರುವ ಹಾಗಿರಬಾರದು.
ಮೊದಲೇ ಬರೋದಲ್ವಾ?"
ಸಿಸ್ಟರ್ ನಕ್ಕುಬಿಟ್ಟರು. ಅದು ಅವರದೇ ಮಾತು,
ಇಪ್ಪತ್ತೆರಡು ವರ್ಷದಿಂದ
ಆಸ್ಪತ್ರೆಯ ಚೀಟಿ ಸಾಲಿಗೆ ಹೇಳುತ್ತಾ ಬಂದದ್ದು.

"ಎಡಗಡೆಯದ್ದು ಸುಮ್ಮನಿದೆ, ಬಿಡಿ ಕಾಕ."
"ಒಂದೇ ಕಾಲಿಗೆ ಚಪ್ಪಲಿ ತಗೊಳ್ತೀರಾ?"

ಸಂಜೆ ಗೇಟಿನ ಬಳಿ ಕಾರು ನಿಂತಿತು.
ನಿಂತಲ್ಲೇ ಗಾಲಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ.
ಸದ್ದಿಲ್ಲ. ಗಾಜಿಳಿಸಿ ಕೇಳಿದರು,
"ಏನೂ ಕೇಳಿಸ್ತಿಲ್ಲವಲ್ಲ, ಸರಿ ಇದೆಯಾ?"

ಕಾಕ ಗುಜರಿ ಡಬ್ಬಕ್ಕೆ ಎಸೆದದ್ದನ್ನು ನಾನು ಎತ್ತಿಟ್ಟುಕೊಂಡೆ.
ಈಗ ಶೆಡ್ಡು ನನ್ನದು, ಅದು ಕಿಟಕಿಯಲ್ಲಿದೆ.
"ಸದ್ದು ಮಾತ್ರ, ಓಡ್ತಾ ಇದೆಯಲ್ಲ" ಅನ್ನುವವರ
ಕೈಗೆ ಕೊಟ್ಟು ತಿರುಗಿಸಿ ಅನ್ನುತ್ತೇನೆ.
ಅರ್ಧ ಸುತ್ತಿಗೆ ನಿಲ್ಲುತ್ತದೆ.