ಒಳಗಿನವರು ಮೊದಲು

ಮೂರು ಗಂಟೆಗೆ ಕರೆಂಟು ಹೋಗಿ ಬಂತು.
ಸ್ಕ್ಯಾನ್ ಸೆಂಟರಿನ ಹಿಂದಿನ ಕೋಣೆ;
ಕಿಟಕಿಯ ಬಲೆಗೆ ಮಂಡಕ್ಕಿ ಭಟ್ಟಿಯ ಮಸಿ.
ಕಪ್ಪು ಪರದೆಯ ಮೇಲೆ ಒಂದೇ ಸಾಲು:
ಬೇರು ಸಿಗಲಿಲ್ಲ.

ನಾಲ್ಕು ಡಿಸ್ಕು. ನೇಲ್‌ಪಾಲಿಶಿನಲ್ಲಿ ನಾನೇ ಬರೆದದ್ದು,
'ಅ', 'ಆ', 'ಇ', 'ಈ'.
'ಅ' ಬರೆದದ್ದನ್ನೇ 'ಆ' ಬರೆಯಬೇಕು,
'ಇ' ಬರೆದದ್ದನ್ನೇ 'ಈ'.
ಎರಡು ಜೋಡಿ ಕನ್ನಡಿ,
ಎರಡರ ಮೇಲೂ ಹಾಸಿದ ಒಂದೇ ಪಟ್ಟೆಪಟ್ಟೆ ಜಮಖಾನ.
ದಾವಣಗೆರೆಯ ಮೊಣಕಾಲು, ಬೆನ್ನುಹುರಿ, ಹುಟ್ಟದ ಕೂಸು
ಎಲ್ಲ ಅದರ ಮೇಲೆ.
ಭಟ್ಟಿಯ ಖಾಸಿಂಬಿಯ ಪುಪ್ಪುಸವೂ:
ಒಂದು ಪಟ್ಟೆ ಇತ್ತ ಜೋಡಿಯಲ್ಲಿ, ಮುಂದಿನದು ಅತ್ತ.
ಒಂದೇ ಜೋಡಿ ಎದ್ದರೆ ಅದು ಪುಪ್ಪುಸವಲ್ಲ,
ಹಲ್ಲು ಬಿದ್ದ ಬಾಚಣಿಗೆ.

ಮುರಿದದ್ದೇನೂ ಇಲ್ಲ ಅಂದುಕೊಂಡೆ, ಆತುರ ಅಷ್ಟೆ.
ಜೋಡಿಗಳು ಕಣ್ಣುಜ್ಜುತ್ತಿರುವಾಗಲೇ
ಹೊರಗಿನದು ಬಂದು ಬಾಗಿಲು ಬಡಿದು
ಯಾರೂ ಇಲ್ಲವೆಂದು ಹೊರಟುಹೋಗಿದೆ;
ಗೋಡೆ ಏಳುವ ಮುಂಚೆ ಸೂರು ಹೊತ್ತು ಬಂದವರ ಹಾಗೆ.

ಯಾರು ಯಾರ ಜೋಡಿ, ಬರೆದಿಟ್ಟಿದ್ದೆ.
ಎಲ್ಲಿ? ಅದೇ ಜಮಖಾನದ ಮೇಲೆ.
ಪೆಟ್ಟಿಗೆಯೊಳಗೆ ಕೀಲಿ, ಪೆಟ್ಟಿಗೆಗೆ ಬೀಗ.

ವಾಚ್‌ಮನ್ ಕೆಂಚಪ್ಪ ಇಣುಕಿದ.
"ಎದ್ದಿಲ್ಲೇನ್ರಿ ಮೇಡಂ ಇನ್ನೂ?"
"ಒಬ್ಬೊಬ್ರನ್ನೇ ಎಬ್ಬಿಸ್ತಿದೀನಿ."

ಹಣೆ ತಡವಿ ತಡವಿ ಓದಿದೆ.
ಪ್ರತಿ ಡಿಸ್ಕಿಗೂ ಮೊದಲಲ್ಲೇ, ತುಸು ಒಳಗೆ, ಹಣೆಬರಹ:
ಯಾವ ಬಳಗ, ಎಷ್ಟನೆಯವ,
ಇಲ್ಲಿಯವರೆಗೆ ಎಷ್ಟು ಕಂಡಿದ್ದೀ.
'ಇ'ಗೂ 'ಈ'ಗೂ ಲೆಕ್ಕ ತಾಳೆಯಾಗಲಿಲ್ಲ.
'ಈ' ಮಂಗಳವಾರಕ್ಕೇ ನಿಂತಿತ್ತು.
ಮೂರು ದಿನದಿಂದ ಯಾರಿಗೂ ಹೇಳದೆ ತೂಕಡಿಸಿ
ಮಂಗಳವಾರದ ಊರನ್ನೇ ಊರೆಂದು ನಂಬಿತ್ತು.

ಖಾಸಿಂಬಿ ಬಂದದ್ದು ಬುಧವಾರ.
'ಈ'ಯ ಪಾಲಿಗೆ ಅವಳು ಇನ್ನೂ ಕೆಮ್ಮಿಲ್ಲ.

ಹೆಚ್ಚು ಕಂಡವರ ಮಾತು ನಡೆಯಲಿ.
'ಈ'ಯನ್ನು ಬದಿಗೆ ಸರಿಸಿದೆ.
ಮೊದಲು 'ಅ', 'ಆ'.
ಆಮೇಲೆ 'ಇ', ಒಂಟಿಕಾಲಲ್ಲಿ.
ಅವರು ನಿಂತ ಮೇಲೆ, ತಡೆ, ಇನ್ನೊಂದು ಉಸಿರು,
ಆಗ ಹೊರಗಿನದು.

ಬೇರು ಸಿಕ್ಕಿತು.

ಪಟ್ಟಿಯ ನಕಲೊಂದನ್ನು ಈಗ ಮಡಚಿಟ್ಟಿದ್ದೇನೆ,
ಕಣ್ಣು ಬಿಡುವ ಮುಂಚಿನ ಆ ಚಿಕ್ಕ ನೆನಪಿನೊಳಗೆ.
ಮತ್ತೆ ಆರಿಸಿ, ಮತ್ತೆ ಹೊತ್ತಿಸಿ ನೋಡಿದೆ.
ತಾನಾಗಿಯೇ ಎದ್ದಿತು. ಸರದಿಯ ಪ್ರಕಾರ.

ರೈಲ್ವೆ ಗೇಟಿನ ಗಂಟೆ. ಕೆಂಚಪ್ಪನ ಫ್ಲಾಸ್ಕಿನ ಟೀ.
ಸರಿಯಿದೆಯೇ ನೋಡಲೆಂದು ಒಂದು ಚಿತ್ರ ತೆರೆದೆ.
ಎರಡೂ ಬದಿ ಇದೆ, ಒಂದು ಪಟ್ಟೆಯೂ ತಪ್ಪಿಲ್ಲ.
ಎಡಕ್ಕೆ, ಪಕ್ಕೆಲುಬಿನ ಹಿಂದೆ, ಏನೋ ಬೆಳ್ಳಗೆ.
ಓದುವುದು ನನ್ನ ಕೆಲಸವಲ್ಲ.
ಮುಚ್ಚಿದೆ.

'ಇ' ಹೇಳುತ್ತಿದೆ, 'ಈ' ಬರೆದುಕೊಳ್ಳುತ್ತಿದೆ.
ಶೇಕಡಾ ಹದಿನೇಳು.
ಬುಧವಾರ ಇನ್ನೂ ಬಂದಿಲ್ಲ.