ಸಿಲಿಂಡರಿನ ಮೇಲಿನ ತಾರೀಖು

ನರಸಾಪುರದ ಕಂಪನಿಯಲ್ಲಿ ಓಟಿ ನಿಂತು ಮೂರು ತಿಂಗಳು.
ಗಲ್‌ಪೇಟೆಯ ಬಾಡಿಗೆ ಮನೆಯಲ್ಲಿ
ಗಂಗರತ್ನ ಸಿಲಿಂಡರಿನ ಹೊಟ್ಟೆಗೆ
ಸೀಮೆಸುಣ್ಣದಲ್ಲಿ ತಾರೀಖು ಬರೆಯುತ್ತಾಳೆ:
ಕಳೆದ ಸಲದ್ದು ಮೂವತ್ತೆಂಟು ದಿನ ಬಂತು,
ಇದು ನಲವತ್ತೈದು ಬರಲೇಬೇಕು.

ಬೇಳೆ ರಾತ್ರಿಯೇ ನೆನೆಯುತ್ತದೆ.
ಹಾಲು ಅರ್ಧ ಲೀಟರು, ಟೀ ಒಂದೇ ಹೊತ್ತು.
ಚೀಟಿ ಮಾತ್ರ ಬಿಡುವಂತಿಲ್ಲ,
ಇನ್ನು ಏಳೇ ಕಂತು.

"ಟೊಮೆಟೊ ಕೆಜಿ ಎಂಟೇ ರೂಪಾಯಿ ಕಣೇ!"
ಮಂಡಿಯಿಂದ ಗಂಡ ಗೆದ್ದವನಂತೆ ಬಂದ
ಹತ್ತು ಕೆಜಿ ಹೊತ್ತು.
ಅಗ್ಗವೆಂದು ಕೊಂಡದ್ದೂ ಖರ್ಚೇ ಎನ್ನಲು ಬಾಯಿ ತೆರೆದಳು;
ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗು.

ಸುಮ್ಮನೆ ಈಳಿಗೆ ತೆಗೆದು
ಹೋಳು ಮಾಡಿ, ಉಪ್ಪು ಹಚ್ಚಿ
ತಾರಸಿಯ ಮೇಲೆ ಹರವಿದಳು.
ಬಿಸಿಲಿಗೆ
ತಾರೀಖು ಬರೆಯಬೇಕಿಲ್ಲ.