ವಿತ್

ಶಿವಾಜಿನಗರದ ಜಾಬ್ ಟೈಪಿಂಗ್ ಅಂಗಡಿಯಲ್ಲಿ
ಸಂತಾಪ ಸೂಚನೆಗೆ ಪುಟಕ್ಕೆ ಹನ್ನೆರಡು ರೂಪಾಯಿ.
‘ಅವರ ಸಾವನ್ನು ಕಂಡೋಲ್ ಮಾಡುತ್ತೇವೆ’ ಎಂದು
ನಾನು ಬಡಿದದ್ದನ್ನು ಫಿಲೋಮಿನಾ ಟೀಚರು
ಕೆಂಪು ರೀಫಿಲ್ಲಿನಲ್ಲಿ ಗೀಚಿದರು:

“ಸಾವಿಗೇನು ಸಂಕಟ, ಮುನಿಕೃಷ್ಣ?
ಬಂದ ಕೆಲಸ ಮುಗಿಸಿ ಹೋಯ್ತು ಅದು.
ಈ ಕ್ರಿಯಾಪದ ಉಳಿದವರದು.
ಮಧ್ಯೆ ಒಂದು ‘ವಿತ್’ ಹಾಕು. ಜೊತೆ, ಅಂತ.”

ಹಾಕಿದೆ. ಇಪ್ಪತ್ತಾರು ವರ್ಷ ಹಾಕುತ್ತಲೇ ಬಂದೆ,
ಬ್ಯಾಂಕಿನವರಿಗೆ, ಬೇಕರಿ ಸಂಘಕ್ಕೆ, ವಾಲಿಬಾಲ್ ಕ್ಲಬ್ಬಿಗೆ;
ಸತ್ತವರ ಹೆಸರಷ್ಟೇ ಬದಲು.

ಮೊನ್ನೆ ಟೀಚರ ತಂಗಿ ಹೋದಳು.
ದಪ್ಪ ಕಾಗದದಲ್ಲಿ ಒಂದೂ ತಪ್ಪಿಲ್ಲದೆ ಬಡಿದು
ಮಡಚಿ ಜೇಬಿಗಿಟ್ಟೆ.
“ಕಾಗದ ಯಾಕ್ರೀ,” ಅಂದಳು ಹೆಂಡತಿ,
“ಸುಮ್ನೆ ಹೋಗಿ ಮಾತಾಡಿಸ್ಕೊಂಡು ಬನ್ನಿ.”

ಲಿಂಗರಾಜಪುರದ ಮೇಲ್ಸೇತುವೆ ಇಳಿದು ಮೂರನೇ ಅಡ್ಡರಸ್ತೆ.
ಬಾಗಿಲು ತೆರೆದೇ ಇತ್ತು.
ಇದ್ದ ಎರಡು ಕುರ್ಚಿಯಲ್ಲಿ ಒಂದರ ಮೇಲೆ
ತಂಗಿಯ ಸ್ವೆಟರು.
ಟೀಚರು ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡು
“ಕೂತ್ಕೋ” ಅಂದರು.

ಮಾತಾಡಿಸಲು ಹೋದವನು ಒಂದೂ ಮಾತಾಡಲಿಲ್ಲ.
ಪಕ್ಕದ ಮನೆಯ ಕುಕ್ಕರು ನಾಲ್ಕು ಸಲ ಕೂಗಿತು.
ಕಾಗದ ಜೇಬಿನಲ್ಲೇ
ಬೆವರಿಗೆ ಮೆತ್ತಗಾಯಿತು.